ರಾಮಾ ಗ್ರೀನ್ ಗೋಡೆ

ನಮ್ಮ ಮನೆಗೆ ಹನ್ನೆರಡು ಸಲ ಪೈಂಟ್ ಆಗಿತ್ತು. ಹನ್ನೆರಡು ಸಲವೂ ಕ್ರೀಮ್. ಹದಿಮೂರನೆಯ ಸಲ ನಾನು ಆರಿಸಿದ ಬಣ್ಣ ಹಚ್ಚಿಸಿದೆ. ಅದು ಕುಲಶೇಖರದ ನಮ್ಮ ಅಡ್ಡರಸ್ತೆಯಲ್ಲಿ ಮಾತ್ರವಲ್ಲ, ಬೋಳಾರದ ಗಂಡನ ಅಕ್ಕನ ಮನೆಯಲ್ಲೂ, ಉಡುಪಿಯ ಮಗಳ ಮನೆಯಲ್ಲೂ, ಸಮುದ್ರದಾಚೆ ಗಲ್ಫಿನ ಒಂದು ಕ್ಯಾಂಪಿನಲ್ಲೂ ದೊಡ್ಡ ಸುದ್ದಿಯಾಯಿತು. ನಾನು ಮನೆ ಬಿಟ್ಟು ಓಡಿಹೋಗಿದ್ದರೂ ಅಷ್ಟು ಫೋನ್ ಬರುತ್ತಿರಲಿಲ್ಲ.

ನನ್ನ ಗಂಡ ಇಪ್ಪತ್ತೆಂಟು ವರ್ಷ ಗಲ್ಫಿನ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳ ರಜೆ. ರಜೆಗೆ ಮುಂಚೆ ಮನೆಗೆ ಪೈಂಟ್ ಮಾಡಿಸುವುದು ನಮ್ಮ ಕಡೆ ಗಲ್ಫಿನವರ ಮನೆಗಳ ಪದ್ಧತಿ. ಯಾರ ಮನೆಗೆ ಏಣಿ ಬಂತೋ ಆ ಮನೆಯ ಗಂಡಸು ಬರುತ್ತಾನೆಂದು ನೆರೆಕರೆಯವರಿಗೆ ಗೊತ್ತಾಗುತ್ತಿತ್ತು. ನಮ್ಮಲ್ಲೂ ಹಾಗೆಯೇ. ಅವರು ಅಲ್ಲಿಂದ ಪೈಂಟರಿಗೆ ನೇರವಾಗಿ ಫೋನ್ ಮಾಡುತ್ತಿದ್ದರು. ಪೈಂಟರ್ ಒಂದು ಬೆಳಿಗ್ಗೆ ಏಣಿ ಹೊತ್ತು ಗೇಟಿನೊಳಗೆ ಬಂದಾಗಲೇ ನನಗೆ ವಿಷಯ ತಿಳಿಯುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಎಲ್ಲಿಯಾದರೂ ಪೈಂಟಿನ ವಾಸನೆ ಬಂದರೆ ಸಾಕು, “ಅಪ್ಪ ಬರ್ತಾರೆ” ಎಂದು ಕುಣಿಯುತ್ತಿದ್ದಳು. ಪಾಪದ ಹುಡುಗಿಗೆ ಅಪ್ಪನ ವಾಸನೆ ಎಂದರೆ ಅದೇ ಆಗಿತ್ತು.

ನಾನು ಟೈಲರ್. ಹಾಲಿನ ಕಿಟಕಿಯ ಪಕ್ಕದಲ್ಲಿ ನನ್ನ ಮೆಷಿನ್. ಮದುವೆಯ ಬ್ಲೌಸ್, ದಿನಬಳಕೆಯ ಬ್ಲೌಸ್, ಫಾಲ್, ಜಿಗ್‌ಜಾಗ್, ಏನು ಬಂದರೂ ಹೊಲಿಯುತ್ತೇನೆ. ಬೇರೆಯವರ ಸೀರೆಗೆ ನೂಲು ಹೊಂದಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಒಂದು ನೂಲಿನ ಉಂಡೆಯನ್ನು ಬೆಳಕಿಗೆ ಹಿಡಿದು ಅದು ಸೀರೆಗೆ ಒಪ್ಪುತ್ತದೋ ಇಲ್ಲವೋ ಎಂದು ನಾನು ಹೇಳಿದರೆ ಹಂಪನಕಟ್ಟೆಯ ಅಂಗಡಿಯವರೂ ಎದುರಾಡುವುದಿಲ್ಲ. ಇಂಥ ನಾನು ದಿನಕ್ಕೆ ಹತ್ತು ಗಂಟೆ ಮುಖಮಾಡಿ ಕೂರುವ ಗೋಡೆಗೆ ಯಾವ ಬಣ್ಣ ಎಂದು ಮನೆ ಕಟ್ಟಿದ ಈ ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬರೂ ಒಮ್ಮೆಯೂ ಕೇಳಿರಲಿಲ್ಲ. ಗಂಡನ ರಜೆಗಳನ್ನೆಲ್ಲ ಒಟ್ಟು ಸೇರಿಸಿದರೆ ಅವರು ಈ ಮನೆಯಲ್ಲಿ ಇದ್ದದ್ದು ಒಂದೂವರೆ ವರ್ಷ. ಉಳಿದದ್ದೆಲ್ಲ ನಾನು.

ಇನ್ನೊಂದು ಮಾತು. ಮನೆ ಇರುವ ಐದು ಸೆಂಟ್ಸ್ ಜಾಗ ನನ್ನ ತಾಯಿಯ ಪಾಲಿನಿಂದ ಬಂದದ್ದು. ನಮ್ಮಲ್ಲಿ ಬರಿ, ಅಂದರೆ ಗೋತ್ರದ ಹಾಗಿನದು, ಮಕ್ಕಳಿಗೆ ತಾಯಿಯ ಕಡೆಯಿಂದಲೇ ಬರುತ್ತದೆ. ಇದನ್ನು ನಮ್ಮವರು ಸಭೆಗಳಲ್ಲಿ ಮೈಕ್ ಹಿಡಿದು ಎಷ್ಟು ಹೆಮ್ಮೆಯಿಂದ ಹೇಳುತ್ತಾರೆಂದರೆ ಕೇಳುವವರಿಗೆ ಇಲ್ಲಿನ ಹೆಂಗಸರೆಲ್ಲ ರಾಣಿಯರು ಅನ್ನಿಸಬೇಕು. ಅದೇ ಜನ ಸಭೆ ಮುಗಿಸಿ ಮನೆಗೆ ಬಂದು, “ಗೋಡೆಗೆ ಬಣ್ಣವಾ? ನಿನ್ನ ಗಂಡನತ್ರ ಕೇಳು” ಎನ್ನುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಣ್ಣ ಹಚ್ಚಿ ನೋಡು ಎನ್ನುವುದನ್ನು ಮರೆತರು.

ಆ ವರ್ಷ ಮಾರ್ಚಿನಲ್ಲಿ ಗಂಡ ಫೋನ್ ಮಾಡಿ, ಕಂಪನಿಯ ಕೆಲಸ ಮುಗಿಯಿತು, ಆಗಸ್ಟಿನಲ್ಲಿ ಬರುತ್ತೇನೆ, ಇನ್ನು ಹಿಂದೆ ಹೋಗುವುದಿಲ್ಲ ಎಂದರು. ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಸಂತೋಷದ ಹಿಂದೆಯೇ ಒಂದು ಹೆದರಿಕೆಯೂ ಬಂತು. ಒಂದೂವರೆ ತಿಂಗಳಿಗೆ ಬರುವ ಗಂಡಸಿಗೆ ಮನೆ ಬಿಟ್ಟುಕೊಡುವುದು ಸುಲಭ. ನೆಂಟರು ಬಂದಾಗ ಮಂಚ ಬಿಟ್ಟು ಚಾಪೆ ಹಾಸಿಕೊಂಡರೆ ಯಾರಿಗೂ ಬೆನ್ನು ನೋಯುವುದಿಲ್ಲ. ಆದರೆ ಇವರು ಇನ್ನು ಇರಲಿಕ್ಕೆಂದೇ ಬರುತ್ತಿದ್ದಾರೆ. ಈ ಸಲವೂ ಪೈಂಟರ್ ಏಣಿ ಹೊತ್ತು ಬಂದು ಕ್ರೀಮ್ ಬಳಿದು ಹೋದರೆ, ಇನ್ನು ಸಾಯುವವರೆಗೆ ಈ ಮನೆಯಲ್ಲಿ ನಾನು ಉಸ್ತುವಾರಿ ನೋಡಿಕೊಂಡವಳು ಮಾತ್ರ. ಅವರು ಬರುವ ಮುಂಚೆ ಇದು ನನ್ನ ಮನೆ ಎಂದು ಗೋಡೆಯಲ್ಲಾದರೂ ಕಾಣಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು.

ಬಣ್ಣ ಯಾವುದೆಂದು ಯೋಚಿಸಲಿಕ್ಕೇ ಇರಲಿಲ್ಲ. ಸೀರೆ ಅಂಗಡಿಯವರು ರಾಮಾ ಗ್ರೀನ್ ಎನ್ನುತ್ತಾರೆ. ಪೈಂಟಿನ ಅಂಗಡಿಯ ಪುಸ್ತಕದಲ್ಲಿ ಅದಕ್ಕೆ ಟೀಲ್ ಎಂದು ಹೆಸರು. ಹಸಿರೂ ಅಲ್ಲ, ನೀಲಿಯೂ ಅಲ್ಲ, ನವಿಲಿನ ಕತ್ತಿನಿಂದ ಸ್ವಲ್ಪ ಕೆಳಗೆ ಬರುವ ಬಣ್ಣ. ಯಾಕೆ ಅದೇ ಎಂದು ಆಮೇಲೆ ತುಂಬಾ ಜನ ಕೇಳಿದರು. ನನಗೆ ಇಷ್ಟ, ಅದಕ್ಕೆ. ಇದಕ್ಕಿಂತ ದೊಡ್ಡ ಕಾರಣ ಬೇಕೆನ್ನುವವರಿಗೆ ನನ್ನದೂ ಒಂದು ಪ್ರಶ್ನೆಯಿತ್ತು: ಹನ್ನೆರಡು ಸಲ ಕ್ರೀಮ್ ಹಚ್ಚಿದಾಗ ನೀವು ಯಾರನ್ನು ಕಾರಣ ಕೇಳಿದ್ದಿರಿ?

ಪೈಂಟರನ್ನು ಕರೆಸಿ ಆ ಬಣ್ಣದ ನೂಲಿನ ಉಂಡೆಯನ್ನು ಕೈಗೆ ಕೊಟ್ಟೆ. ಇಪ್ಪತ್ತನಾಲ್ಕು ವರ್ಷದಿಂದ ಇದೇ ಮನೆಗೆ ಬರುತ್ತಿದ್ದ ಮನುಷ್ಯ. ಅವರು ಉಂಡೆಯನ್ನು ತಿರುಗಿಸಿ ನೋಡಿ ನಕ್ಕರು.

“ಇದು ಎಂತಕ್ಕೆ ಅಕ್ಕ?”

“ಹಾಲಿಗೆ. ಈ ಬಣ್ಣ ಹಚ್ಚಬೇಕು.”

“ಹಾಲಿಗಾ? ಕತ್ತಲೆ ಆಗ್ತದೆ ಮಾರಾಯ್ರೆ. ಸಾರತ್ರ ಒಂದು ಮಾತು ಕೇಳ್ತೇನೆ, ಆಯ್ತಾ?”

“ಸಾರ್ ಅಲ್ಲಿದ್ದಾರೆ. ನಾನು ಇಲ್ಲಿದ್ದೇನಲ್ಲ.”

“ಅಲ್ಲ ಅಕ್ಕ, ನಾಳೆ ಅವರು ಬಂದು ನನಗೆ ಬೈಯುದು ಬೇಡ ಅಂತ.”

ಅಂಗಳಕ್ಕಿಳಿದು ನನ್ನ ಕಣ್ಣೆದುರೇ ಗಲ್ಫಿಗೆ ಫೋನ್ ಹಚ್ಚಿದರು. ನನ್ನ ಕೈಯಲ್ಲಿ ಆಗ ಕತ್ತರಿಯಿತ್ತು. ಮಾತು ಮುಗಿಸಿ ಬಂದು, “ಸಾರ್ ಹೇಳಿದ್ರು, ಮಾಮೂಲಿಯೇ ಮಾಡು ಅಂತ. ಜುಲಾಯಿ ಕೊನೆಗೆ ಬರ್ತೇನೆ” ಎಂದರು. ನೀವು ಬರುವುದೇ ಬೇಡ ಎಂದೆ. ತಮಾಷೆಗೆ ಹೇಳಿದೆನೆಂದು ತಿಳಿದು ನಗುತ್ತಾ ಹೋದರು.

ನನಗೆ ಬ್ಲೌಸ್ ಕೊಡುವವರಲ್ಲಿ ಬೆಂಗ್ರೆಯ ಒಬ್ಬ ಹೆಂಗಸು ಇದ್ದರು. ಫೆರಿ ದಾಟಿ, ಎರಡು ಬಸ್ ಹಿಡಿದು ನನ್ನಲ್ಲಿಗೇ ಬರುತ್ತಿದ್ದರು. ಅವರ ಗಂಡ ಅಲ್ಲಿ ದೋಣಿಗಳಿಗೆ ಬಣ್ಣ ಹಚ್ಚುವವರು. ವಿಷಯ ಕೇಳಿ ಆಕೆ, “ನಮ್ಮವರನ್ನು ಕಳಿಸ್ತೇನೆ. ಅವರಿಗೆ ಈಗ ಕೆಲಸ ಕಡಿಮೆ” ಎಂದರು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ನಿಂತಾಗ ದೋಣಿಗಳನ್ನು ಮೇಲೆಳೆದು ಬಣ್ಣ ಮಾಡುತ್ತಾರೆ. ಉಳಿದ ಸಮಯದಲ್ಲಿ ಅವರಿಗೆ ಅಷ್ಟೊಂದು ಕೆಲಸವಿಲ್ಲ. ಏಪ್ರಿಲಿನ ಒಂದು ಬೆಳಿಗ್ಗೆ ಅವರು ಬಂದರು. ಅರುವತ್ತು ದಾಟಿದ ತೆಳ್ಳಗಿನ ಮನುಷ್ಯ, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಉಂಡೆಯನ್ನು ನೋಡಿದ್ದೇ ಮುಖ ಅರಳಿತು.

“ಇದು ನಮ್ಮ ದೋಣಿಯ ಬಣ್ಣ ಅಲ್ವಾ? ಇದಕ್ಕೆ ಅಂಗಡಿಗೆ ಎಂತಕ್ಕೆ ಹೋಗುದು? ನಾನೇ ಕಲಸಿ ತರ್ತೇನೆ. ಉಪ್ಪುನೀರಿನಲ್ಲಿ ನಿಂತದ್ದು ಗೋಡೆಯಲ್ಲಿ ನಿಲ್ಲುದಿಲ್ವಾ?”

ನನಗೂ ಅದು ಸರಿಯೆನಿಸಿತು. ಸಮುದ್ರವನ್ನೇ ತಡೆಯುವ ಬಣ್ಣ ಕುಲಶೇಖರದ ಮಳೆಗೆ ಹೆದರೀತೇ? ಈ ಯೋಚನೆಯಲ್ಲೇ ನಾವಿಬ್ಬರೂ ಎಡವಿದ್ದು. ನಾನು ಬಟ್ಟೆ ಬಲ್ಲವಳು, ಅವರು ಮರ ಬಲ್ಲವರು, ಗೋಡೆ ಬಲ್ಲವರು ನಮ್ಮಿಬ್ಬರಲ್ಲಿ ಯಾರೂ ಇರಲಿಲ್ಲ.

ಆದರೆ ಬಣ್ಣ ಕಲಸುವುದನ್ನು ಮಾತ್ರ ಅವರು ಬಲ್ಲರು. ನಾಲ್ಕು ಡಬ್ಬಿ ಎದುರಿಗಿಟ್ಟುಕೊಂಡು, ಕೋಲಿನಲ್ಲಿ ಅದ್ದಿ ತೆಗೆದು, ನನ್ನ ನೂಲನ್ನು ಕೋಲಿಗೆ ತಾಗಿಸಿ, ಬಾಗಿಲಿಗೆ ಬಂದು ಬೆಳಕಿನಲ್ಲಿ ನೋಡಿ, ಮತ್ತೆ ಒಂದು ಹನಿ ಕಪ್ಪು, ಮತ್ತೆ ಎರಡು ಹನಿ ಹಸಿರು. ಕೊನೆಗೆ ನೂಲು ಯಾವುದು, ಬಣ್ಣ ಯಾವುದು ಎಂದು ಗೊತ್ತಾಗದ ಹಾಗೆ ಹೊಂದಿಸಿದರು. ನನಗೆ ಆ ಮನುಷ್ಯನ ಮೇಲೆ ಅಂದೇ ಗೌರವ ಹುಟ್ಟಿತು. ನಾಲ್ಕು ದಿನದಲ್ಲಿ ಹಾಲಿನ ನಾಲ್ಕು ಗೋಡೆಯೂ ಮುಗಿಯಿತು. ಐದನೆಯ ದಿನ ಮೆಷಿನನ್ನು ಅದರ ಜಾಗಕ್ಕೆ ಸರಿಸಿ ಕೂತೆ. ಬಿಳಿ ಬ್ಲೌಸೊಂದನ್ನು ಹೊಲಿಯುತ್ತಿದ್ದೆ. ತಲೆಯೆತ್ತಿದಾಗಲೆಲ್ಲ ಎದುರಿಗೆ ಆ ಬಣ್ಣ. ಬೇಕೆಂದೇ ಹತ್ತು ಸಲ ತಲೆಯೆತ್ತಿ ನೋಡಿದೆ. ಅಷ್ಟು ಖುಷಿಯನ್ನು ನಾನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ಮುಚ್ಚಿಡುವ ಕೆಲಸ ಮಾಡಲಿಲ್ಲ. ಆ ಸಂಜೆ ಗಂಡನ ವಿಡಿಯೊ ಕಾಲ್ ಬಂದಾಗ ಫೋನನ್ನು ತಿರುಗಿಸಿ ನಾಲ್ಕು ಗೋಡೆಯನ್ನೂ ತೋರಿಸಿದೆ. ಅವರು ಫೋನನ್ನು ಮುಖದ ಹತ್ತಿರ ತಂದು ನೋಡಿದರು. ಆಮೇಲೆ, “ನೆಟ್‌ವರ್ಕ್ ಸರಿ ಇಲ್ಲ” ಎಂದು ಇಟ್ಟರು. ನನ್ನ ಪರದೆಯಲ್ಲಿ ಅವರ ಮೂಗಿನ ಮೇಲಿನ ಬೆವರು ಕೂಡ ಚೆನ್ನಾಗಿ ಕಾಣುತ್ತಿತ್ತು.

ಮಗಳು ಫೋನ್ ಮಾಡಿದಳು. “ಅಮ್ಮ, ಫೋಟೋ ನೋಡಿದೆ. ಚಂದ ಉಂಟು. ಅಪ್ಪನತ್ರ ಕೇಳಿದ್ದೀಯಾ?” ನಾನು ಹೆತ್ತ ಮಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಕೇಳಿದ್ದು ಇದನ್ನು. ಇಲ್ಲ ಎಂದೆ. “ಅಯ್ಯೋ” ಎಂದಳು.

ಮೇ ತಿಂಗಳಲ್ಲಿ ಗಂಡನ ಅಕ್ಕ ಬೋಳಾರದಿಂದ ಬಂದರು. ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ. ಶುಕ್ರವಾರ ಮಂಗಳಾದೇವಿಗೆ ಹೋಗಿ, ಪ್ರಸಾದದ ಪೊಟ್ಟಣ ಹಿಡಿದುಕೊಂಡು ಯಾರ ಮನೆಯ ತಪ್ಪನ್ನಾದರೂ ಸರಿಮಾಡಲು ಹೊರಡುವುದು ಅವರ ಕ್ರಮ. ಬಾಗಿಲಲ್ಲೇ ನಿಂತು ಒಮ್ಮೆ ಗೋಡೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ಇದು ಎಂತ ಮಾರಾಯ್ತಿ, ಮನೆಯಾ ದೋಣಿಯಾ?”

“ಮನೆ. ಒಳಗೆ ಬನ್ನಿ, ಮುಳುಗುದಿಲ್ಲ.”

“ಇಷ್ಟು ವರ್ಷ ಅಲ್ಲಿ ಬಿಸಿಲಿನಲ್ಲಿ ದುಡಿದು ಬರುವವ. ಅವನಿಗೆ ಬೇಕಾದ ಹಾಗೆ ಇರ್ಬೇಕಲ್ವಾ ಮನೆ?”

“ಅವರು ದುಡಿದದ್ದನ್ನು ನಾನು ಇಲ್ಲ ಅಂತ ಹೇಳ್ಲಿಲ್ಲ, ಅತ್ತಿಗೆ. ಇಲ್ಲಿ ಮಗಳನ್ನು ಸಾಕಿದ್ದು, ನಿಮ್ಮ ಅಮ್ಮ ಮಲಗಿದಲ್ಲೇ ಆದಾಗ ಮೂರು ವರ್ಷ ನೋಡಿದ್ದು, ಅದು ಯಾರು?”

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ನನಗೆ ಆ ದಿನ ಬಾಯಿ ಮುಚ್ಚಿ ಕೂರುವ ಮನಸ್ಸಿರಲಿಲ್ಲ. ಅತ್ತಿಗೆ ಚಹಾ ಕುಡಿಯದೆ ಹೋದರು. ಪ್ರಸಾದವನ್ನು ಮಾತ್ರ ಟೀಪಾಯಿಯ ಮೇಲೆ ಇಟ್ಟು ಹೋದರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯವರೇ.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಮನೆಯ ಪಡುವಣ ಗೋಡೆಗೆ ಮಳೆ ನೇರ ಹೊಡೆಯುತ್ತದೆ. ಕೆಂಪುಕಲ್ಲಿನ ಗೋಡೆ ಹೊರಗಿನಿಂದ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಇದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿದ್ದೂ ನಾವು ಅದರ ಮೇಲೆ ದೋಣಿಯ ಎಣ್ಣೆಬಣ್ಣ ಬಳಿದಿದ್ದೆವು. ದೋಣಿಯ ಬಣ್ಣ ಇರುವುದೇ ನೀರು ಆಚೆಯಿಂದ ಈಚೆಗೆ ಬಾರದ ಹಾಗೆ ನೋಡಿಕೊಳ್ಳಲು. ಗೋಡೆ ಕುಡಿದ ನೀರು ಹೊರಬರಲು ದಾರಿಯಿಲ್ಲದೆ ಬಣ್ಣದ ಹಿಂದೆ ಕೂತಿತು. ಹದಿನೈದು ದಿನದಲ್ಲಿ ಗೋಡೆಯ ಮೇಲೆ ಗುಳ್ಳೆಗಳೆದ್ದವು. ಮೊದಲು ಅವಲಕ್ಕಿಯಷ್ಟು, ಆಮೇಲೆ ಹಪ್ಪಳದಷ್ಟು. ನಾನು ಸೂಜಿ ತಂದು ಒಂದನ್ನು ಚುಚ್ಚಿದೆ. ಒಳಗಿನಿಂದ ನೀರು ಇಳಿದು ನೆಲದವರೆಗೂ ಗೆರೆ ಹರಿಯಿತು. ಅಲ್ಲೇ ನೆಲದಲ್ಲಿ ಕೂತು ಅತ್ತೆ. ನಾಚಿಕೆಯಿಂದಲೋ ಸಿಟ್ಟಿನಿಂದಲೋ ಗೊತ್ತಿಲ್ಲ, ಮನಸಾರೆ ಅತ್ತೆ.

ಸುದ್ದಿ ಹೋಗಲು ಎಷ್ಟು ಹೊತ್ತು? ಬ್ಲೌಸ್ ಕೊಡಲು ಬಂದವರೆಲ್ಲ ಗೋಡೆಯನ್ನು ನೋಡಿ ಚ್ ಚ್ ಎಂದು ಹೋಗುತ್ತಿದ್ದರು. ಗಂಡನ ಫೋನ್ ಬಂತು. ಆ ದಿನ ನೆಟ್‌ವರ್ಕ್ ಬಹಳ ಚೆನ್ನಾಗಿತ್ತು.

“ಅಕ್ಕ ಹೇಳಿದಳು. ಹೋಗ್ಲಿ ಬಿಡು, ತಪ್ಪು ಎಲ್ಲರಿಗೂ ಆಗ್ತದೆ. ಪೈಂಟರಿಗೆ ನಾನು ಹೇಳ್ತೇನೆ. ನಾನು ಬರುವ ಮುಂಚೆ ಎಲ್ಲ ತೆಗೆದು ಕ್ರೀಮ್ ಮಾಡಿಯಾರು.”

ಬೈದಿದ್ದರೆ ನಾನು ಒಪ್ಪುತ್ತಿದ್ದೆನೇನೋ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಕ್ಕಳು ಬಿದ್ದಾಗ ಎತ್ತುವವರ ಸಮಾಧಾನವಿತ್ತು. ನನ್ನ ಮೈ ಉರಿಯಿತು.

“ಗುಳ್ಳೆ ಬಂದದ್ದು ಎಣ್ಣೆಯಿಂದ, ಬಣ್ಣದಿಂದ ಅಲ್ಲ. ಪೈಂಟರಿಗೆ ಫೋನ್ ಮಾಡ್ಬೇಡಿ. ಗೋಡೆಯನ್ನು ನಾನು ಸರಿ ಮಾಡ್ತೇನೆ, ಅದೇ ಬಣ್ಣದಲ್ಲಿ.”

“ಮಳೆಗಾಲದಲ್ಲಾ? ಹಠ ಬೇಡ.”

“ಹನ್ನೆರಡು ಸಲ ಮಾಡಿದ್ದು ನೀವು. ಅದಕ್ಕೆ ಯಾರೂ ಹಠ ಅಂತ ಹೇಳ್ಲಿಲ್ಲ.”

ಮರುದಿನ ಬೆಂಗ್ರೆಯಿಂದ ಆ ಮನುಷ್ಯ ಓಡಿ ಬಂದರು. ಗೋಡೆಯನ್ನು ಅಂಗೈಯಿಂದ ಸವರಿ ತಲೆ ತಗ್ಗಿಸಿದರು. “ನನ್ನದೇ ತಪ್ಪು ಅಕ್ಕ. ದೋಣಿ ಉಸಿರು ಬಿಡುದಿಲ್ಲ, ಗೋಡೆ ಬಿಡ್ತದೆ. ನನಗೆ ಅದು ತಲೆಗೇ ಹೋಗ್ಲಿಲ್ಲ” ಎಂದರು. ಅರ್ಧ ತಪ್ಪು ನನ್ನದು ಎಂದೆ. ಆಮೇಲೆ ಇಬ್ಬರೂ ಕೂತು ಏನು ಮಾಡುವುದೆಂದು ಯೋಚಿಸಿದೆವು. ಜುಲೈ ಬಂದರೆ ಅವರಿಗೆ ದೋಣಿಗಳ ಕೆಲಸ ತಲೆಯ ಮೇಲೆ. ಆಗಸ್ಟಿಗೆ ದೋಣಿಗಳೆಲ್ಲ ಕಡಲಿಗಿಳಿಯಬೇಕು. ಆದರೂ ವಾರಕ್ಕೆರಡು ದಿನ ಬರುತ್ತೇನೆಂದು ಮಾತು ಕೊಟ್ಟರು.

ಅಷ್ಟರಲ್ಲಿ ಆಟಿ ಬಂತು. ತುಳುವರಿಗೆ ಆಟಿ ಎಂದರೆ ಮಳೆ ಜಡಿಯುವ, ಶುಭಕಾರ್ಯ ಮಾಡದ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಅತ್ತಿಗೆ ಫೋನಿನಲ್ಲಿ ಬೊಬ್ಬೆ ಹಾಕಿದರು.

“ಆಟಿಯಲ್ಲಿ ಮನೆಗೆ ಪೈಂಟ್ ಮಾಡುವವರನ್ನು ನಾನು ಹುಟ್ಟಿದ ಮೇಲೆ ಕಾಣ್ಲಿಲ್ಲ!”

“ಹಾಗಾದ್ರೆ ಒಮ್ಮೆ ಬಂದು ಕಂಡು ಹೋಗಿ.”

ಆಟಿ ಅಮಾವಾಸ್ಯೆಯ ದಿನ ಬೆಳಿಗ್ಗೆ ಪದ್ಧತಿಯ ಪ್ರಕಾರ ಪಾಲೆ ಮರದ ಕೆತ್ತೆ, ಅಂದರೆ ತೊಗಟೆಯ ಕಹಿ ಕಷಾಯ ಕುಡಿದೆ. ಹತ್ತು ಗಂಟೆಗೆ ಗೋಡೆ ಕೆರೆಯಲು ನಿಂತೆ. ಒಂದನ್ನು ಬಿಡಲಿಲ್ಲ, ಇನ್ನೊಂದನ್ನು ಕೇಳಲಿಲ್ಲ. ಆಟಿಯ ಯಾವ ಮಾತನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಳೆಗೆ ಬಿಡಬೇಕು ಎಂದು ತೀರ್ಮಾನಿಸುವಷ್ಟು ವಯಸ್ಸು ನನಗಾಗಿದೆ.

ಬೆಂಗ್ರೆಯವರು ದೋಣಿ ಮುಚ್ಚುವ ಹಳೆಯ ಟರ್ಪಾಲು ತಂದು ಪಡುವಣ ಗೋಡೆಯ ಹೊರಮೈಗೆ ಬಿಗಿದು ಕಟ್ಟಿದರು. ನಾವಿಬ್ಬರೂ ಕಬ್ಬಿಣದ ಪಟ್ಟಿ ಹಿಡಿದು ಒಳಗಿನ ಎಣ್ಣೆಬಣ್ಣವನ್ನೆಲ್ಲ ಕೆರೆದೆವು. ನಾಲ್ಕು ಗೋಡೆ! ಮೂರು ಗೋಡೆಗೆ ಗುಳ್ಳೆ ಬಂದಿರಲಿಲ್ಲ, ಆದರೆ ಈ ವರ್ಷ ಬಾರದ್ದು ಮುಂದಿನ ವರ್ಷ ಬರುತ್ತದೆಂದು ಅವರು ಬಿಡಲಿಲ್ಲ. ಅವರು ಬಾರದ ದಿನ ನಾನೊಬ್ಬಳೇ ಕೆರೆದೆ. ಬೆರಳೆಲ್ಲ ಗುಳ್ಳೆಯೆದ್ದು ಹೊಲಿಗೆ ನಿಂತಿತು. ಬ್ಲೌಸಿನವರು ಬೈದರು. ಕೆರೆದ ಕಡೆ ಹಳೆಯ ಕ್ರೀಮುಗಳು ಒಂದರಡಿ ಒಂದು ಕಾಣಿಸಿಕೊಂಡವು, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನ್ನೂ ಕೆರೆದೆ.

ಬರಿಯ ಗೋಡೆ ಒಣಗಬೇಕಿತ್ತು. ಹೊರಗೆ ಹಗಲಿಡೀ ಮಳೆ, ಒಗೆದ ಬಟ್ಟೆಯೇ ಮೂರು ದಿನಕ್ಕೆ ಒಣಗುತ್ತಿರಲಿಲ್ಲ. ಇಲ್ಲಿ ಬಾಣಂತಿಯರ ಮನೆಯಲ್ಲಿ ಮಗುವಿನ ಬಟ್ಟೆಯನ್ನು ಗೆರಟೆ, ಅಂದರೆ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಾರೆ. ಅದೇ ಉಪಾಯ ಮಾಡಿದೆ. ಹಳೆಯ ಬಾಣಲೆಯಲ್ಲಿ ತೆಂಗಿನ ಗೆರಟೆಯ ಕೆಂಡ ಮಾಡಿ, ಗೋಡೆಯ ಬುಡದಲ್ಲಿಟ್ಟು, ಕಿಟಕಿ ತೆರೆದಿಟ್ಟು ಫ್ಯಾನ್ ಹಾಕಿ ಕೂತೆ. ಒಂದು ಮೊಳ ಒಣಗಿದ ಮೇಲೆ ಬಾಣಲೆಯನ್ನು ಒಂದು ಮೊಳ ಆಚೆಗೆ ಸರಿಸುವುದು. ಹೀಗೆ ಹನ್ನೊಂದು ದಿನ. ಈ ಸಲ ಬಣ್ಣವನ್ನು ಪೈಂಟಿನ ಅಂಗಡಿಯಿಂದಲೇ ತಂದೆವು, ಗೋಡೆಗೆಂದೇ ಇರುವ ನೀರಿನ ಬಣ್ಣ. ಅಂಗಡಿಯ ಮೆಷಿನ್ ಕಲಸಿ ಕೊಟ್ಟದ್ದನ್ನು ಬೆಂಗ್ರೆಯವರು ನೂಲಿಗೆ ಹಿಡಿದು ನೋಡಿ, “ಕಂಪ್ಯೂಟರಿಗೆ ಕಣ್ಣಿಲ್ಲ” ಎಂದು ಮತ್ತೆರಡು ಹನಿ ಕಪ್ಪು ಹಾಕಿಸಿದರು. ಆಗಸ್ಟಿನ ಎರಡನೆಯ ವಾರ ಕೆಲಸ ಮುಗಿಯಿತು. ಅತ್ತಿಗೆ ಬಂದು ಕಂಡು ಹೋಗಲಿಲ್ಲ.

ಆಗಸ್ಟಿನ ಮೂರನೆಯ ವಾರ ಗಂಡ ಬಂದರು. ಎರಡು ದೊಡ್ಡ ಪೆಟ್ಟಿಗೆ, ಒಂದು ಕಂಬಳಿಯ ಕಟ್ಟು. ಹಾಲಿನ ನಡುವೆ ನಿಂತು ಸುತ್ತ ನೋಡಿದರು. ವಿಮಾನದಲ್ಲಿ ನಿದ್ದೆಗೆಟ್ಟ ಕಣ್ಣು. ನಾನು ಅಡುಗೆಮನೆಗೆ ಹೋಗಲಿಲ್ಲ, ಅಲ್ಲೇ ನಿಂತೆ. ಅವರು ಪೆಟ್ಟಿಗೆಗಳನ್ನು ಒಳಕೋಣೆಗೆ ಎಳೆದುಕೊಂಡು ಹೋದರು. ಊಟಕ್ಕೆ ಕೂತಾಗ, “ಬಂಗುಡೆ ಚೆನ್ನಾಗಿ ಉಂಟು” ಎಂದರು. ಒಂದು ವಾರ ಹೀಗೆಯೇ ನಡೆಯಿತು. ಮೀನಿನ ಬಗ್ಗೆ ಮಾತು, ಮಳೆಯ ಬಗ್ಗೆ ಮಾತು, ಗೋಡೆಯ ಬಗ್ಗೆ ಇಲ್ಲ. ಮನೆಯಲ್ಲಿ ನಾಲ್ಕು ಗೋಡೆಯಿದ್ದೂ ಅವುಗಳನ್ನು ನೋಡದೆ ಇರುವುದು ಸುಲಭವಲ್ಲ. ಅವರು ಪ್ರಯತ್ನಪಟ್ಟು ನೋಡದೆ ಇದ್ದರು.

ಎಂಟನೆಯ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಹಳೆಯ ಪೈಂಟರ್, ಹೆಗಲಲ್ಲಿ ಏಣಿ, ಕೈಯಲ್ಲಿ ಬಕೆಟು. ಗಂಡ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದರು. ಅವರೇ ಕರೆಸಿದ್ದೆಂದು ಕೇಳಬೇಕಾಗಿರಲಿಲ್ಲ. ನಾನೂ ಇಳಿದೆ. ಮೂವರೂ ಗೇಟಿನ ಬಳಿ ನಿಂತೆವು.

“ಎಂತ ಇದು?” ಎಂದೆ.

ಗಂಡ ನನ್ನ ಮುಖ ನೋಡದೆ ಮಾತನಾಡಿದರು. “ನೋಡು, ನನಗೆ ಸಿಟ್ಟಿಲ್ಲ. ಅಲ್ಲಿ ಒಂದು ರೂಮಿನಲ್ಲಿ ಆರು ಜನ. ನನ್ನದು ಅಂತ ಇದ್ದದ್ದು ಮೇಲಿನ ಮಂಚ, ಅದರ ಬದಿಯ ಮೂರಡಿ ಗೋಡೆ. ಮನೆ ನೆನಪಾದಾಗ ಕಣ್ಣು ಮುಚ್ಚಿದ್ರೆ ಈ ಹಾಲೇ ಕಾಣ್ತಿತ್ತು, ಕ್ರೀಮ್ ಬಣ್ಣ, ಬೆಳಕು. ಎರಡು ವರ್ಷಕ್ಕೊಮ್ಮೆ ಬಂದ್ರೂ ಅದು ಹಾಗೆಯೇ ಇರ್ಬೇಕು ಅಂತ ಆಸೆ. ಈಗ ಬಂದು ನೋಡಿದ್ರೆ ಬೇರೆ ಯಾರದೋ ಮನೆಗೆ ಬಂದ ಹಾಗೆ ಆಗ್ತದೆ.”

ಇಪ್ಪತ್ತೆಂಟು ವರ್ಷದಲ್ಲಿ ಅವರು ಆ ಮಂಚದ ವಿಷಯ ಹೇಳಿರಲಿಲ್ಲ. ನನಗೆ ಸಂಕಟವಾಯಿತು. ಅವರ ಕೈ ಹಿಡಿದುಕೊಳ್ಳಬೇಕೆನಿಸಿತು, ಪೈಂಟರ್ ಇಲ್ಲದಿದ್ದರೆ ಹಿಡಿಯುತ್ತಿದ್ದೆ. ಆದರೆ ಕ್ರೀಮ್ ಬಳಿಯಿರಿ ಎಂಬ ಮಾತು ಬರಲಿಲ್ಲ.

“ನೀವು ಪಟ್ಟ ಕಷ್ಟ ನನಗೆ ಗೊತ್ತಿರ್ಲಿಲ್ಲ. ಹೇಳಿದ್ರೆ ನಾನು ಒಟ್ಟಿಗೆ ಅಳ್ತಿದ್ದೆ. ಆದ್ರೆ ನೀವು ಕಣ್ಣು ಮುಚ್ಚಿ ನೋಡಿದ ಮನೆ ಅದು. ಇದು ನಾನು ಕಣ್ಣು ಬಿಟ್ಟುಕೊಂಡು ಇದ್ದ ಮನೆ. ಬೇರೆಯವರ ಮನೆ ಅಂತ ಅನಿಸಿ ನಿಮಗೆ ಒಂದು ವಾರ ಆಯ್ತು. ನನಗೆ ಇಪ್ಪತ್ತನಾಲ್ಕು ವರ್ಷ ಆಗಿತ್ತು.”

ಪೈಂಟರ್ ಏಣಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದರು. “ನೀವು ಹೋಗಿ, ಇಲ್ಲಿ ಕೆಲಸ ಇಲ್ಲ” ಎಂದು ನಾನು ಹೇಳಿದೆ. ಅವರು ಕದಲಲಿಲ್ಲ. ನನ್ನ ಗಂಡನ ಮುಖವನ್ನೇ ನೋಡುತ್ತಾ ನಿಂತರು. ನಾನು ಇನ್ನೊಮ್ಮೆ ಹೇಳಿದೆ. ಆಗಲೂ ನೋಡುತ್ತಲೇ ಇದ್ದರು. ಆ ನೋಟವನ್ನು ನನ್ನ ಗಂಡನೂ ಕಂಡರು. ಬಹುಶಃ ಮೊದಲ ಸಲ ಕಂಡರು. ಅವರ ಮುಖ ಕೆಂಪಾಯಿತು.

“ನನ್ನನ್ನು ಎಂತ ನೋಡುದು ಮಾರಾಯ? ಅವಳು ಹೇಳಿದ್ದು ಕೇಳ್ಲಿಲ್ವಾ?”

ಪೈಂಟರ್ ಸರಿ ಎಂದು ತಲೆಯಾಡಿಸಿ ತಿರುಗಿದರು. ನಾನು ಎರಡು ಸಲ ಹೇಳಿದಾಗ ಆಡದ ತಲೆ ಅವರೊಮ್ಮೆ ಹೇಳಿದ್ದಕ್ಕೆ ಆಡಿತು. ಗೆದ್ದೆ ಎಂದು ಒಳಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಹೀಗೆ ಸಿಕ್ಕ ಗೋಡೆ ನನಗೆ ಬೇಕಾಗಿರಲಿಲ್ಲ.

“ನಿಲ್ಲಿ” ಎಂದು ಕರೆದೆ. “ಹಾಲಿನಲ್ಲಿ ಕೆಲಸ ಇಲ್ಲ. ಈ ಗೇಟು ತುಕ್ಕು ಹಿಡಿದಿದೆ, ಇದಕ್ಕೆ ಪೈಂಟ್ ಬೇಕು.”

ಪೈಂಟರ್ ತಿರುಗಿ ಬಂದರು. ಅಭ್ಯಾಸ ಎಲ್ಲಿ ಹೋಗುತ್ತದೆ? ಕಣ್ಣು ಮತ್ತೆ ನನ್ನ ಗಂಡನ ಕಡೆಗೆ ಹೊರಟಿತು. ಗಂಡ ರಸ್ತೆಯ ಕಡೆ ಮುಖಮಾಡಿ ನಿಂತಿದ್ದರು, ಬೇಕೆಂದೇ. ಆ ಕಣ್ಣು ಅಲ್ಲಿ ಸ್ವಲ್ಪ ಕಾದು, ಏನೂ ಸಿಗದೆ, ನನ್ನ ಕಡೆಗೆ ತಿರುಗಿತು. ನಾನು ಸುಮ್ಮನೆ ನಿಂತಿದ್ದೆ. ಅವರಾಗಿ ಕೇಳಲಿ ಎಂದು ನಿಂತಿದ್ದೆ.

“ಯಾವ ಬಣ್ಣ ಅಕ್ಕ?”

ಬಣ್ಣ ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ.

“ಯೋಚನೆ ಮಾಡಿ ಹೇಳ್ತೇನೆ” ಎಂದೆ. “ನಾಳೆ ಬಂದು ಇನ್ನೊಮ್ಮೆ ಕೇಳಿ.”